ಇಂದಿನ ಧಮ್ಮ ಚಿಂತನೆ: ತಪ್ಪಿದ ಮುನ್ಸೂಚನೆಯ ಬೆಲೆ ಯಾರು ತೆತ್ತರು?

 



2023ರ ಅಕ್ಟೋಬರ್ 24ರ ಬೆಳಿಗ್ಗೆ ಮೆಕ್ಸಿಕೋದ ಅಕಾಪುಲ್ಕೋ ನಗರದತ್ತ 'ಓಟಿಸ್' ಎಂಬ ಸಾಧಾರಣ ಬಿರುಗಾಳಿ ಬರುತ್ತಿತ್ತು. ಅದು ಭೀಕರವಾಗಿ ಬೆಳೆಯುತ್ತದೆ ಎಂದು ಕಂಪ್ಯೂಟರ್ ಮಾದರಿಗಳು ಹೇಳಿರಲಿಲ್ಲ. ಅಂದು ರಾತ್ರಿಯೊಳಗೆ ಅದು ಅತಿ ಪ್ರಬಲವಾದ ಐದನೇ ದರ್ಜೆಗೆ ಏರಿತು. ನಡುರಾತ್ರಿ ಕಳೆಯುತ್ತಿದ್ದಂತೆ ಗಂಟೆಗೆ ಸುಮಾರು 260 ಕಿ.ಮೀ. ವೇಗದ ಗಾಳಿಯೊಂದಿಗೆ ದಡಕ್ಕೆ ಅಪ್ಪಳಿಸಿತು. ಸುಮಾರು 50 ಜನ ಸತ್ತರು.

ಬಿರುಗಾಳಿ ಯಾವ ದಾರಿ ಹಿಡಿಯುತ್ತದೆ ಎಂಬುದನ್ನು ಮಾದರಿಗಳು ಇಂದು ಸಾಕಷ್ಟು ಚೆನ್ನಾಗಿ ಹೇಳುತ್ತವೆ. ಎಷ್ಟು ಬಲಿಯುತ್ತದೆ ಎಂಬುದು ಕಷ್ಟ. ಕಾದ ಕಡಲು, ಗಾಳಿಯ ತೇವ, ಮೇಲಿನ ಗಾಳಿಗೂ ಕೆಳಗಿನ ಗಾಳಿಗೂ ಇರುವ ವ್ಯತ್ಯಾಸ, ಬಿರುಗಾಳಿಯ ಒಡಲೊಳಗಿನ ಮೋಡಗಳು ಎಲ್ಲವೂ ಸೇರಿ ಅದನ್ನು ನಿರ್ಧರಿಸುತ್ತವೆ. ಕಡಲ ಮೇಲೆ ಅಳತೆಗಳು ಕಡಿಮೆ. ಒಂದು ಕಾರಣ ಕಣ್ತಪ್ಪಿದರೂ ಲೆಕ್ಕ ತಪ್ಪುತ್ತದೆ. ಕಾರಣಗಳು ಕೂಡಿದಾಗಲೇ ಕಾರ್ಯ ಹುಟ್ಟುತ್ತದೆ ಎಂಬ ಪಟಿಚ್ಚ ಸಮುಪ್ಪಾದವನ್ನು ಇಲ್ಲಿಯೂ ಕಾಣಬಹುದು.

"ನೋಡಿ, ವಿಜ್ಞಾನವೂ ಸೋತಿತು, ಎಲ್ಲಾ ದೈವೇಚ್ಛೆ" ಎನ್ನುವವರಿದ್ದಾರೆ. ಆದರೆ ತಪ್ಪಿದ ಭವಿಷ್ಯಗಳ ಲೆಕ್ಕ ಇಟ್ಟ ಜ್ಯೋತಿಷಿಯನ್ನು ನಾವು ಕಂಡಿದ್ದೇವೆಯೇ? ಹವಾಮಾನ ವಿಜ್ಞಾನಿಗಳು ತಾವು ಎಲ್ಲಿ, ಎಷ್ಟು ತಪ್ಪಿದೆವು ಎಂದು ಬರೆದಿಡುತ್ತಾರೆ. ಅಂದು ಮಧ್ಯಾಹ್ನ ವಿಮಾನವೊಂದು ಬಿರುಗಾಳಿಯೊಳಗೆ ಹೊಕ್ಕು ಅಳೆದಾಗಲೇ ಅದರ ನಿಜವಾದ ಬಲ ತಿಳಿಯಿತು. ಎಚ್ಚರಿಕೆಯನ್ನು ಕೂಡಲೇ ಬದಲಿಸಿದರು. ಯಾರೋ ಹೇಳಿದರೆಂದು ನಂಬಬೇಡಿ, ಪರೀಕ್ಷಿಸಿ ನೋಡಿ ಎಂದು ಬುದ್ಧರು ಕಾಲಾಮರಿಗೆ ಕಲಿಸಿದ್ದೂ ಇದನ್ನೇ. ತಪ್ಪನ್ನು ಒಪ್ಪಿಕೊಳ್ಳುವ ಅರಿವೇ ಬೆಳೆಯುವ ಅರಿವು.

ಆದರೆ ಇನ್ನೊಂದು ಸಂಗತಿ ಮನಸ್ಸನ್ನು ಚುಚ್ಚುತ್ತದೆ. ಸತ್ತವರಲ್ಲಿ ಹಲವರು ದೋಣಿ, ಹಡಗುಗಳಲ್ಲಿದ್ದ ಕೆಲಸಗಾರರು. ಲೆಕ್ಕ ತಪ್ಪಿದ್ದು ಅರಿವಿನ ಮಿತಿ. ಆ ತಪ್ಪಿನ ಬೆಲೆಯನ್ನು ದುಡಿಯುವವನೇ ತೆರಬೇಕೆಂಬುದು ಪ್ರಕೃತಿಯ ನಿಯಮವಲ್ಲ, ಅದು ಮನುಷ್ಯರು ಮಾಡಿದ ಏರ್ಪಾಡು. ಬಡವರ ದುಃಖಕ್ಕೆ ಪೂರ್ವಜನ್ಮದ ಕರ್ಮವನ್ನು ಕಾರಣವಾಗಿಸಿದರೆ ಸಮಾಜ ತನ್ನ ಹೊಣೆಯಿಂದ ನುಣುಚಿಕೊಳ್ಳುತ್ತದೆ ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಎಚ್ಚರಿಸಿದ್ದಾರೆ. "ಕಂಪ್ಯೂಟರ್ ಹೇಳಲಿಲ್ಲ" ಎಂಬುದೂ ಅಂಥದ್ದೇ ನೆಪವಾಗಬಾರದು.

ಪ್ರಜ್ಞೆ ತನ್ನ ಮಿತಿಯನ್ನು ಒಪ್ಪಿಕೊಳ್ಳುತ್ತದೆ. ಕರುಣೆ ಖಚಿತವಾಗುವವರೆಗೆ ಕಾಯುವುದಿಲ್ಲ. ಅಪಾಯಕ್ಕೆ ಹತ್ತಿರವಿರುವವರನ್ನು ಮೊದಲು ದಡಕ್ಕೆ ಕರೆಯುತ್ತದೆ.

ಇಂದು ಯೋಚಿಸೋಣ: ನಮ್ಮ ಅಂದಾಜು ತಪ್ಪಿದಾಗ ಅದರ ಬೆಲೆ ತೆರುವವರು ಯಾರು? ಅವರನ್ನು ಕೇಳಿಯೇ ನಾವು ತೀರ್ಮಾನಿಸುತ್ತಿದ್ದೇವೆಯೇ?

ಭವತು ಸಬ್ಬ ಮಂಗಲಂ. ☸️