ಹಿಂದೆ ಕೂತವಳ ಪಾಲು

ನಮ್ಮ ಮನೆಯಲ್ಲಿ ಯಾವ ವಸ್ತುವೂ ಅಷ್ಟು ಸುಲಭವಾಗಿ ಸಾಯುವುದಿಲ್ಲ. ಹಳೆಯ ಸೀರೆ ಮೊದಲು ಮಕ್ಕಳ ಹೊದಿಕೆಯಾಗುತ್ತದೆ, ಆಮೇಲೆ ಕೈ ಒರೆಸುವ ಬಟ್ಟೆಯಾಗುತ್ತದೆ, ಕೊನೆಗೆ ನೆಲ ಒರೆಸಿ ಮುಕ್ತಿ ಪಡೆಯುತ್ತದೆ. ತಳ ಒಡೆದ ಬಕೆಟ್ಟಿನಲ್ಲಿ ದೊಡ್ಡಪತ್ರೆ ಬೆಳೆಯುತ್ತದೆ. ಟೂತ್‌ಪೇಸ್ಟಿನ ಟ್ಯೂಬಿನ ಮೇಲೆ ಲಟ್ಟಣಿಗೆ ಓಡಿಸದೆ ಅದನ್ನು ಎಸೆಯುವಂತಿಲ್ಲ. ಇದೆಲ್ಲ ನನ್ನ ಅತ್ತೆಯವರು ಕಲಿಸಿದ ಪಾಠ. ಈ ಪಾಠದ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆಯೇ. ಆದರೆ ಉಳಿತಾಯ ಎಂಬ ಗುಣ ಯಾವ ಗೆರೆ ದಾಟಿದರೆ ಅಪರಾಧವಾಗುತ್ತದೆ ಎಂದು ಮಾತ್ರ ಅವರು ಹೇಳಿಕೊಟ್ಟಿರಲಿಲ್ಲ. ಅದನ್ನು ಕಲಿಸಿದ್ದು ಒಂದು ಜೊತೆ ಟೈರು.

ನಮ್ಮ ಯಜಮಾನರ ಬಳಿ ಒಂದು ಯೆಜ್ಡಿ ಬೈಕಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿಹೋಯಿತು. ಇವರ ಬೈಕು ಮಾತ್ರ ಓಡುತ್ತಲೇ ಇತ್ತು. 2011ರಲ್ಲಿ ಮನೆಗೆ ಸ್ಕೂಟರು ಬಂದ ಮೇಲೆ ಅದು ಹಿತ್ತಲಿನ ಶೆಡ್ಡು ಸೇರಿ, ಕೋಳಿಗಳು ಕೂರುವ ಪೀಠವಾಯಿತು. 2018ರಲ್ಲಿ ಜಾವಾ ಎಂಬ ಹೆಸರು ಮತ್ತೆ ಮಾರುಕಟ್ಟೆಗೆ ಬಂತಲ್ಲ, ಆಗ ಇವರಿಗೆ ಹಳೆಯ ಪ್ರೀತಿ ಉಕ್ಕಿತು. ನಿವೃತ್ತಿಯೂ ಆಗಿತ್ತು, ಹೊತ್ತು ಹೋಗಬೇಕಲ್ಲ. ಎಂಜಿನ್ನು ಬಿಚ್ಚಿ ಕಟ್ಟಿಸಿದರು. ಟ್ಯಾಂಕಿಗೆ ಬಣ್ಣ ಹೊಡೆಸಿದರು, ಸೈಲೆನ್ಸರಿಗೆ ಕ್ರೋಮ್ ಹಾಕಿಸಿದರು, ನನಗೆಂದು ಸೀಟನ್ನು ಮೆತ್ತಗೆ ಹೊಲಿಸಿದರು.

"ಟೈರು?" ಎಂದು ನಾನು ಕೇಳಿದ್ದೆ.

"ಟೈರಿಗೇನಾಗಿದೆಯೇ? ನಿಲ್ಲಿಸೋಕೆ ಒಂದು ವರ್ಷ ಮುಂಚೆ ಹಾಕಿಸಿದ್ದು. ಗ್ರಿಪ್ಪು ನೋಡು, ಹೊಸದರ ಹಾಗೇ ಇದೆ."

ನೋಡಿದೆ. ನಿಜ, ಗೀರುಗಳೆಲ್ಲ ಆಳವಾಗಿಯೇ ಇದ್ದವು. ಮಾತು ಅಲ್ಲಿಗೇ ನಿಂತಿತು.

2019ರ ಮಳೆಗಾಲ. ಒಂದು ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುತ್ತಿದ್ದಾಗ ಆ ಟೈರಿನ ಪಕ್ಕ ಹತ್ತಿರದಿಂದ ಕಂಡಿತು. ನೆಲಕ್ಕೆ ತಾಗುವ ಭಾಗವಲ್ಲ, ಅದರ ಬದಿ. ಚಳಿಗಾಲದಲ್ಲಿ ನಮ್ಮ ಹಿಮ್ಮಡಿ ಒಡೆಯುತ್ತದಲ್ಲ, ಹಾಗೆ ಸಣ್ಣ ಸಣ್ಣ ಬಿರುಕುಗಳು ಸುತ್ತಲೂ ಹಬ್ಬಿದ್ದವು. ಕೈ ತಡೆಯಿತು. ಹೇಳಬೇಕು ಅನ್ನಿಸಿತು. ಹೇಳಿದರೆ "ನಿನಗೇನು ಗೊತ್ತು ಗಾಡಿ ವಿಷಯ" ಎಂಬ ಮಾತು ಬರುತ್ತದೆ. ಅದಕ್ಕೆ ನಾನೊಂದು ಅನ್ನುತ್ತೇನೆ, ತಿಂಡಿಯ ಹೊತ್ತು ಕೆಡುತ್ತದೆ. ನೀರು ಹಾಕಿ ಒಳಗೆ ಬಂದೆ. ಅರ್ಧ ಗಂಟೆಯ ನಂತರ ಆರು ವರ್ಷದ ಮೊಮ್ಮಗಳಿಗೆ ಜಡೆ ಹಾಕಿ, ರಿಬ್ಬನ್ ಕಟ್ಟಿ, ಅಜ್ಜನ ಹಿಂದೆ ಅದೇ ಬೈಕಿನಲ್ಲಿ ಕೂರಿಸಿ, "ಗಟ್ಟಿಯಾಗಿ ಹಿಡ್ಕೋ ಪುಟ್ಟಿ" ಎಂದು ಕೈ ಬೀಸಿ ಕಳಿಸಿದೆ.

ಏನೂ ಆಗಲಿಲ್ಲ. ಇಬ್ಬರೂ ಸಂತೆಯಿಂದ ಸೀಬೆಹಣ್ಣು ತಂದರು.

ಆ ಭಾನುವಾರ ಹಾಸನದಿಂದ ಬೇಲೂರಿಗೆ ಒಂದು ಗೃಹಪ್ರವೇಶಕ್ಕೆ ಹೋದೆವು. ಸುಮಾರು ನಲವತ್ತು ಕಿಲೋಮೀಟರು. ರೇಷ್ಮೆ ಸೀರೆ, ಪಕ್ಕಕ್ಕೆ ಕೂರುವ ಅಭ್ಯಾಸ, ಮಡಿಲಲ್ಲಿ ಊಟದ ಮನೆಯ ತಾಂಬೂಲದ ಚೀಲ. ಬರುವಾಗ ತುಂತುರು ಹನಿ. ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂತು, ಇವರು ಬ್ರೇಕು ಒತ್ತಿದರು. ಬೈಕಿನ ಹಿಂಭಾಗ, ಯಾರೋ ಪೊರಕೆಯಿಂದ ಗುಡಿಸಿದ ಹಾಗೆ, ಪಕ್ಕಕ್ಕೆ ಜಾರಿತು. ಒಂದು ಕ್ಷಣ ನನ್ನ ಕೆಳಗೆ ಏನೂ ಇರಲಿಲ್ಲ. ಇವರು ಕಾಲು ಕೊಟ್ಟರು, ಬೈಕು ನೆಟ್ಟಗಾಯಿತು, ಎಮ್ಮೆ ನಿಧಾನವಾಗಿ ದಾಟಿಕೊಂಡು ಹೋಯಿತು.

ಆಗಲೂ ಏನೂ ಆಗಲಿಲ್ಲ. ಚೀಲದ ತೆಂಗಿನಕಾಯಿ ಕೂಡ ಬೀಳಲಿಲ್ಲ.

ಸೋಮವಾರ ಹಿಂದಿನ ಚಕ್ರ ಪಂಕ್ಚರ್. ತರಕಾರಿಗೆ ಹೊರಟಿದ್ದ ನಾನೂ ಅಂಗಡಿಯ ಮುಂದೆ ನಿಂತಿದ್ದೆ. ಪಂಕ್ಚರ್ ಹಾಕುವವರು ಟೈರನ್ನು ಕಳಚಿ, ಎರಡು ಕೈಯಲ್ಲಿ ಬಗ್ಗಿಸಿ ಹಿಡಿದು, "ಅಮ್ಮಾ, ಇಲ್ಲಿ ನೋಡಿ" ಎಂದರು. ಕೂದಲೆಳೆಯಂತೆ ಕಂಡಿದ್ದ ಬಿರುಕುಗಳು ಬಾಯಿ ತೆರೆದುಕೊಂಡವು. ಆಮೇಲೆ ಬದಿಯನ್ನು ಬಟ್ಟೆಯಿಂದ ಒರೆಸಿ ನಾಲ್ಕು ಅಂಕಿ ತೋರಿಸಿದರು: 2209. "ಇಪ್ಪತ್ತೆರಡನೇ ವಾರ, 2009ನೇ ಇಸವಿ. ಟೈರು ಹುಟ್ಟಿದ ದಿನ ಇದು. ಹತ್ತು ವರ್ಷ ಆಯ್ತು ಸಾರ್."

"ಓಡಿಸಿದ್ದು ಎರಡೇ ವರ್ಷ!" ಎಂದರು ಇವರು.

"ಓಡಿಸದೇ ಇದ್ದಿದ್ದಕ್ಕೇ ಇನ್ನೂ ಬೇಗ ಒಣಗಿದೆ ಸಾರ್."

ಆ ಮಾತು ನನಗೆ ಹೊಸದು. ನಾನು ವಿಚಾರಿಸಿ ತಿಳಿದುಕೊಂಡದ್ದನ್ನು ನಿಮಗೂ ಹೇಳುತ್ತೇನೆ. ರಬ್ಬರು ಸವೆಯುವುದು ಬೇರೆ, ಮುಪ್ಪಾಗುವುದು ಬೇರೆ. ಗಾಳಿಯ ಆಮ್ಲಜನಕ, ಓಜೋನ್, ಬಿಸಿಲು, ಶಾಖ, ಇವೆಲ್ಲ ಸೇರಿ ನಿಂತಲ್ಲೇ ಅದನ್ನು ಗಟ್ಟಿ ಮಾಡುತ್ತವೆ. ರಬ್ಬರನ್ನು ಕಾಪಾಡಲೆಂದು ಟೈರಿನೊಳಗೆ ಒಂದು ಬಗೆಯ ಮೇಣ ಬೆರೆಸಿರುತ್ತಾರೆ. ಚಕ್ರ ಉರುಳುತ್ತಾ ಟೈರು ಬಳುಕುತ್ತಿದ್ದರೆ ಆ ಮೇಣ ಮೇಲಕ್ಕೆ ಬಂದು ಕಾಯುತ್ತದೆ. ನಿಂತ ಗಾಡಿಯಲ್ಲಿ ಅದು ಸರಿಯಾಗಿ ಬರುವುದಿಲ್ಲ. ಗಟ್ಟಿಯಾದ ರಬ್ಬರಿಗೆ ರಸ್ತೆ ಹಿಡಿಯುವ ಗುಣ ಕಡಿಮೆ, ಒದ್ದೆ ರಸ್ತೆಯಲ್ಲಂತೂ ಇನ್ನೂ ಕಡಿಮೆ. ಬೈಕಿನ ಒಂದೊಂದು ಟೈರು ನೆಲಕ್ಕೆ ತಾಗುವುದು ಸುಮಾರು ಒಂದು ಅಂಗೈ ಅಗಲ ಮಾತ್ರ. ಎರಡು ಅಂಗೈ ಜಾಗದ ಮೇಲೆ ನಾವಿಬ್ಬರೂ, ನಮ್ಮ ನಲವತ್ತು ವರ್ಷದ ಸಂಸಾರವೂ ಕೂತಿರುತ್ತದೆ. ಟ್ಯೂಬು ಇರುವ ಹಳೆಯ ಚಕ್ರ ಸಿಡಿದರೆ ಗಾಳಿ ಒಮ್ಮೆಲೇ ಹೋಗುತ್ತದೆ. ಕಾರಿಗಾದರೆ ಆನಿಕೊಳ್ಳಲು ಇನ್ನೂ ಮೂರು ಚಕ್ರವಿದೆ. ಇಲ್ಲಿ ಯಾರಿದ್ದಾರೆ?

ಕಾನೂನು ಗೀರಿನ ಆಳ ಕೇಳುತ್ತದೆ. ದ್ವಿಚಕ್ರ ವಾಹನಕ್ಕೆ ಕನಿಷ್ಠ 0.8 ಮಿಲಿಮೀಟರು ಇರಬೇಕು. ನಮ್ಮ ಟೈರು ಆ ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾಗುತ್ತಿತ್ತು. ಆದರೆ ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತೋರಿಸಿ, ಹತ್ತಾದರೆ ಕಣ್ಣಿಗೆ ಚೆನ್ನಾಗಿ ಕಂಡರೂ ಬದಲಿಸಿ ಎಂದು ತಯಾರಕರೇ ಕೆಲವರು ಹೇಳುತ್ತಾರೆ.

ಅಂದು ಸಂಜೆ ಮನೆಯಲ್ಲಿ ಮಾತು ಬೆಳೆಯಿತು. "ಏನೂ ಆಗಲಿಲ್ಲವಲ್ಲ, ಈಗ್ಯಾಕೆ ಅಳ್ತೀಯಾ?" ಎಂದರು ಇವರು. ಅದಕ್ಕೆ ತಕ್ಷಣ ನನ್ನಲ್ಲಿ ಉತ್ತರವಿರಲಿಲ್ಲ. ಏನೂ ಆಗದಿದ್ದ ಮೇಲೆ ತಪ್ಪೆಲ್ಲಿದೆ?

ರಾತ್ರಿ ಬಿ.ಎ. ತರಗತಿಯ ತತ್ತ್ವಶಾಸ್ತ್ರದ ಪಾಠವೊಂದು ನೆನಪಾಯಿತು. ಇಂಗ್ಲೆಂಡಿನ ಗಣಿತಜ್ಞ ಕ್ಲಿಫರ್ಡ್ 1877ರಲ್ಲಿ ಬರೆದ ಪ್ರಬಂಧದಲ್ಲಿ ಒಬ್ಬ ಹಡಗಿನ ಯಜಮಾನ ಬರುತ್ತಾನೆ. ಹಡಗು ಹಳೆಯದು ಎಂದು ಅವನಿಗೆ ಗೊತ್ತು. ರಿಪೇರಿಗೆ ಖರ್ಚಾಗುತ್ತದೆ. ಇಷ್ಟು ಸಲ ಹೋಗಿ ಬಂದಿದೆ, ಈ ಸಲವೂ ಬರುತ್ತದೆ ಎಂದು ತನ್ನನ್ನು ತಾನೇ ಒಪ್ಪಿಸಿಕೊಂಡು, ಜನರನ್ನು ತುಂಬಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ. ಅವನು ಅಪರಾಧಿ ಎಂದು ನಾವೆಲ್ಲ ಒಪ್ಪುತ್ತೇವೆ. ಆದರೆ ಕ್ಲಿಫರ್ಡ್ ಅಲ್ಲಿಗೆ ನಿಲ್ಲುವುದಿಲ್ಲ. ಹಡಗು ಮುಳುಗದೆ ಸುಖವಾಗಿ ದಡ ಸೇರಿದ್ದರೂ ಅವನ ಅಪರಾಧ ಕೂದಲೆಳೆಯಷ್ಟೂ ಕಡಿಮೆಯಾಗುತ್ತಿರಲಿಲ್ಲ, ಅದು ಹೊರಗೆ ಬೀಳುತ್ತಿರಲಿಲ್ಲ ಅಷ್ಟೆ ಎನ್ನುತ್ತಾನೆ.

ಹತ್ತೊಂಬತ್ತು ವರ್ಷದವಳಿದ್ದಾಗ ಇದನ್ನು ಉರುಹೊಡೆದು ಅಂಕ ತೆಗೆದಿದ್ದೆ. ಆಗ ಆ ಯಜಮಾನನನ್ನು ಎಲ್ಲೋ ಸಮುದ್ರದಾಚೆಯ ದುರಾಸೆಯವನು ಅಂದುಕೊಂಡಿದ್ದೆ. ಈಗ ನೋಡಿದರೆ ಅವನು ನಮ್ಮ ಮನೆಯಲ್ಲೇ ಇದ್ದ. ಯಜಮಾನರು ಎಂಬ ಹೆಸರು ನಮ್ಮವರದ್ದು, ನಿಜ. ಆದರೆ ಬಿರುಕು ಕಂಡದ್ದು ನನಗೆ. ಇವರಿಗೆ ತಿಳಿಯದೆ ಮಾಡಿದ ತಪ್ಪು, ನನಗೆ ಅರೆಬರೆ ತಿಳಿದೂ ಮಾಡಿದ ತಪ್ಪು. ತಿಂಡಿಯ ಹೊತ್ತಿನ ಶಾಂತಿಗಾಗಿ ಮೊಮ್ಮಗಳನ್ನು ಆ ಹಡಗು ಹತ್ತಿಸಿದವಳು ನಾನು.

ನಾವು ಹೆಂಗಸರು ಹಿಂದೆ ಕೂತವರು. ಗಾಡಿ ಅವರದ್ದು, ಜವಾಬ್ದಾರಿ ಅವರದ್ದು ಎಂದು ನೆಮ್ಮದಿಯಾಗಿ ಸೆರಗು ಸುತ್ತಿಕೊಳ್ಳುತ್ತೇವೆ. ಇದಕ್ಕೆ ನಂಬಿಕೆ ಎಂದು ಹೆಸರಿಟ್ಟಿದ್ದೇವೆ. ಅದರಲ್ಲಿ ಎಷ್ಟು ಪಾಲು ನಂಬಿಕೆ, ಎಷ್ಟು ಪಾಲು ವಿಚಾರಿಸದಿರುವ ಸೋಮಾರಿತನ? ಬಿದ್ದರೆ ಹಿಂದೆ ಕೂತವಳ ತಲೆಯೂ ನೆಲಕ್ಕೇ ತಾಗುತ್ತದೆ ಎಂದು ಒಪ್ಪಿ, 2016ರಲ್ಲಿ ಕರ್ನಾಟಕದಲ್ಲಿ ಹಿಂಬದಿಯವರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದರು. ತಲೆ ನಮ್ಮದಾದರೆ ಕಣ್ಣೂ ನಮ್ಮದೇ, ಬಾಯಿಯೂ ನಮ್ಮದೇ ಅಲ್ಲವೇ? ಡನ್‌ಲಪ್ ಎಂಬ ಪಶುವೈದ್ಯ ಗಾಳಿ ತುಂಬಿದ ಟೈರು ಮಾಡಿ 1888ರಲ್ಲಿ ಪೇಟೆಂಟ್ ಪಡೆದನಲ್ಲ, ಅವನು ಮೊದಲು ಮಾಡಿದ್ದು ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ. ಮಗು ಕುಲುಕಾಡಬಾರದು ಎಂಬ ಅಕ್ಕರೆಯಿಂದ ಹುಟ್ಟಿದ ವಸ್ತು ಅದು. ನಾವು ಮಗುವನ್ನು ಕೂರಿಸುವ ಮೊದಲು ಬಗ್ಗಿ ನೋಡುವುದಕ್ಕೂ ಅಸಡ್ಡೆ ಮಾಡಿದೆವು.

ಎರಡೂ ಟೈರು, ಟ್ಯೂಬು ಬದಲಾದವು. ಕ್ರೋಮಿಗೆ ಕೊಟ್ಟದ್ದಕ್ಕಿಂತ ಕಡಿಮೆಯೇ ಆಯಿತು. ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಹಳೆಯ ಟೈರುಗಳು ಜಗಲಿಯ ಮೂಲೆಯಲ್ಲಿ ಕೂತಿದ್ದವಲ್ಲ, ಹಾಲು ಹಾಕುವ ಹುಡುಗನ ಕಣ್ಣಿಗೆ ಬಿದ್ದವು.

"ಅಮ್ಮಾ, ಅವನ್ನ ನನಗೆ ಕೊಡ್ತೀರಾ? ಅಳತೆ ಸರಿಹೋಗುತ್ತೆ. ನನ್ನದು ಪೂರಾ ಬೋಳು."

ಅವನ ಬೈಕಿನ ಎರಡು ಬದಿಗೂ ಹಾಲಿನ ಕ್ಯಾನು. ಹಿಂದಿನ ಟೈರು ನುಣ್ಣಗೆ ಬಾಳೆಲೆಯ ಹಾಗಿತ್ತು. "ಬೇಡಪ್ಪ, ಬಿರುಕು ಬಿಟ್ಟಿದೆ" ಎಂದೆ. ಅವನು ನಕ್ಕ. "ನನ್ನದರ ಮುಂದೆ ಇದು ಹೊಸದು ಬಿಡೀಮ್ಮಾ." ಕೊಡಲು ಮನಸ್ಸಿಲ್ಲದೆ ನೆಪ ಹೇಳುತ್ತಿದ್ದೇನೆ ಎಂದು ಅವನ ಮುಖದಲ್ಲಿತ್ತು.

ಇಲ್ಲಿ ನನ್ನ ತತ್ತ್ವಶಾಸ್ತ್ರ ತಡವರಿಸಿತು. ಕೊಟ್ಟರೆ ನನಗೆ ಬೇಡವಾದ ಅಪಾಯವನ್ನು ದಾನ ಎಂದು ಅವನ ಕೈಗೆ ಹಾಕಿದಂತೆ. ಕೊಡದಿದ್ದರೆ ಅವನು ಬೋಳು ಟೈರಿನಲ್ಲೇ ನಸುಕಿನ ಮಳೆಯಲ್ಲಿ ಬರುತ್ತಾನೆ, ನಾನು ಅದೇ ಹಾಲಿನ ಕಾಫಿ ಕುಡಿಯುತ್ತೇನೆ. ನಮ್ಮದು ಅಸಡ್ಡೆ, ಅವನದು ಬಡತನ. ಅಸಡ್ಡೆಗೆ ಬುದ್ಧಿಮಾತು ಸಾಕು. ಬಡತನಕ್ಕೆ ಬರೀ ಬುದ್ಧಿಮಾತು ಹೇಳಿದರೆ ಅದೂ ಒಂದು ಅಸಡ್ಡೆಯೇ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಪ್ರಾಣದ ಮಾತೂ ಹಾಗೆಯೇ ಅಲ್ಲವೇ?

ಒಂದು ಟೈರಿನ ದುಡ್ಡನ್ನು ಮುಂಗಡವಾಗಿ ಕೊಟ್ಟೆ. ದಾನವಲ್ಲ, ಹಾಲಿನ ಲೆಕ್ಕದಲ್ಲಿ ತಿಂಗಳು ತಿಂಗಳು ಮುರಿದುಕೊಂಡೆ. ಅವನು ಹಿಂದಿನದನ್ನು ಬದಲಿಸಿದ. ಮುಂದಿನದು ಬೋಳಾಗಿಯೇ ಇತ್ತು. ಆ ಸಾಲ ತೀರಿದ ಮೇಲೆ ನೋಡೋಣ ಎಂದು ಇಬ್ಬರೂ ಒಪ್ಪಿಕೊಂಡೆವು. ನನ್ನ ಸಾಧನೆ ಅಷ್ಟೇ.

ಹಳೆಯ ಟೈರುಗಳನ್ನು ಪಂಕ್ಚರ್ ಅಂಗಡಿಯಲ್ಲೇ ಅಡ್ಡಡ್ಡ ಕೊಯ್ಯಿಸಿದೆ, ಯಾವ ಚಕ್ರಕ್ಕೂ ಮತ್ತೆ ಏರದ ಹಾಗೆ. ನಮ್ಮ ಮನೆಯಲ್ಲಿ ಒಂದು ವಸ್ತುವನ್ನು ಬೇಕೆಂದೇ ಹಾಳು ಮಾಡಿದ್ದು ಅದೇ ಮೊದಲು. ಅತ್ತೆಯವರಿದ್ದಿದ್ದರೆ ಬೈಯುತ್ತಿದ್ದರೋ ಏನೋ.

ಈಗ ಎಲ್ಲಿಗೆ ಹೊರಟರೂ ಹತ್ತುವ ಮೊದಲು ಸೀರೆಯ ನೆರಿಗೆ ಹಿಡಿದು ಬಗ್ಗಿ ಒಂದು ಸಲ ಟೈರು ನೋಡುತ್ತೇನೆ. "ಬಂದ್ರಪ್ಪಾ ಆರ್.ಟಿ.ಓ. ಸಾಹೇಬ್ರು" ಎಂದು ಇವರು ರೇಗಿಸುತ್ತಾರೆ. ರೇಗಿಸಲಿ. ನೋಡಿ ಮುಗಿಸುವವರೆಗೂ ಗಾಡಿ ಸ್ಟಾರ್ಟ್ ಮಾಡದೆ ಕಾಯುತ್ತಾರೆ.