ಸತ್ಯ ಹೇಳುವುದು ಅವಿಶ್ವಾಸವೇ?

ವಾಕ್ಯಭಾಗ: 2 ಅರಸುಗಳು 20:1-7, ಯೋಹಾನ 11:11-35, ರೋಮಾಪುರದವರಿಗೆ 12:15

  

ಹೋದ ತಿಂಗಳು ನಮ್ಮ ಸಭೆಯ ಒಬ್ಬ ತಂಗಿ ಆರಾಧನೆ ಮುಗಿದ ಮೇಲೆ ನನ್ನ ಹತ್ತಿರ ಬಂದಳು. ಎಂಬಿಬಿಎಸ್ ಕೊನೆಯ ವರ್ಷ ಓದ್ತಾ ಇದ್ದಾಳೆ. "ಪಾಸ್ಟರ್, ರೋಗಿಗೆ ಸತ್ಯ ಹೇಳಿದ್ರೆ ಅದು ಅವಿಶ್ವಾಸನಾ?" ಅಂತ ಕೇಳಿದಳು. ಅವಳ ಅನುಮತಿ ತಗೊಂಡು ಇವತ್ತು ಇದನ್ನ ನಿಮ್ಮ ಮುಂದೆ ಹೇಳ್ತಾ ಇದ್ದೀನಿ.

ಅವರ ಕಾಲೇಜಿನಲ್ಲಿ ಕೆಟ್ಟ ಸುದ್ದಿ ಹೇಗೆ ಹೇಳಬೇಕು ಅಂತ ಕಲಿಸ್ತಾರಂತೆ. 2019ರಲ್ಲಿ ಬಂದ ಹೊಸ ಪಠ್ಯಕ್ರಮದಲ್ಲಿ ಇದಕ್ಕೂ ಜಾಗ ಇದೆ. ಒಬ್ಬರು ರೋಗಿಯ ಥರ ನಟಿಸ್ತಾರೆ, ಇವಳು ಡಾಕ್ಟರ್. ಬಯಾಪ್ಸಿ ರಿಪೋರ್ಟಿನಲ್ಲಿ ಕ್ಯಾನ್ಸರ್ ಇದೆ ಅಂತ ಹೇಳಬೇಕು. ಇವಳಿಗೆ ಬಾಯಿ ಬರಲಿಲ್ಲ. "ಏನೂ ಆಗಲ್ಲ ಬಿಡಿ, ದೇವರಿದ್ದಾರೆ" ಅಂದುಬಿಟ್ಟಳು. ಪ್ರೊಫೆಸರ್ ಬಯ್ಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಈಗ ಯಾರ ಭಯ ಕಮ್ಮಿ ಆಯ್ತು ಅಮ್ಮಾ? ಅವರದಾ, ನಿನ್ನದಾ?"

ಪ್ರಿಯರೇ, ಆ ಪ್ರಶ್ನೆ ನನಗೂ ಬಿತ್ತು. ಕೆಲವು ವರ್ಷಗಳ ಹಿಂದೆ ಒಬ್ಬ ಸಹೋದರರು ಆಸ್ಪತ್ರೆಯಲ್ಲಿ ಮಲಗಿದ್ದರು. ನಾನು ಹೋಗಿ ಗಟ್ಟಿಯಾಗಿ ಪ್ರಾರ್ಥನೆ ಮಾಡಿ, "ಕ್ರಿಸ್‌ಮಸ್‌ಗೆ ನೀವು ಮನೇಲಿ ಇರ್ತೀರ" ಅಂದೆ. ದೇವರು ನನಗೆ ಹಾಗೆ ಹೇಳಿರಲಿಲ್ಲ. ಅವರು ಮಗಳ ಓದಿನ ಬಗ್ಗೆ ಏನೋ ಹೇಳೋಕೆ ಶುರು ಮಾಡಿದರು. "ಅದೆಲ್ಲ ಈಗ ಬೇಡ ಬ್ರದರ್, ನಂಬಿಕೆಯಿಂದ ಇರಿ" ಅಂತ ನಾನೇ ತಡೆದೆ. ಆ ಕ್ರಿಸ್‌ಮಸ್ ಅವರು ನೋಡಲಿಲ್ಲ. ಅವರು ಹೇಳಬೇಕು ಅಂದುಕೊಂಡ ಮಾತನ್ನ ಯಾರೂ ಕೇಳಲಿಲ್ಲ. ಅದನ್ನ ನಂಬಿಕೆ ಅಂತ ಕರೆದೆ. ನಿಜ ಹೇಳಬೇಕಂದ್ರೆ, ಅದು ನನ್ನ ಹೆದರಿಕೆ.

ಮೊದಲನೇ ಮಾತು: ಸತ್ಯ ಪ್ರಾರ್ಥನೆಗೆ ಬಾಗಿಲು ತೆಗೆಯುತ್ತೆ.

ಅರಸನಾದ ಹಿಜ್ಕೀಯನಿಗೆ ಮರಣಕರ ರೋಗ. ಪ್ರವಾದಿಯಾದ ಯೆಶಾಯ ಬೇರೆ ಯಾರ ಕೈಲೋ ಹೇಳಿ ಕಳಿಸಲಿಲ್ಲ, ತಾನೇ ಎದುರಿಗೆ ಹೋಗಿ, ನೀನು ಉಳಿಯುವುದಿಲ್ಲ, ಮನೆಯ ವ್ಯವಸ್ಥೆ ಮಾಡಿಕೋ ಅಂತ ತಿಳಿಸಿದ. ಅರಸ ಗೋಡೆ ಕಡೆ ಮುಖ ತಿರುಗಿಸಿ ಬಹಳವಾಗಿ ಅತ್ತ, ಪ್ರಾರ್ಥಿಸಿದ. ಯೆಶಾಯ ಇನ್ನೂ ಅರಮನೆಯ ನಡುವಣ ಅಂಗಳ ದಾಟಿರಲಿಲ್ಲ, ದೇವರು ಅವನನ್ನ ವಾಪಸ್ ಕಳಿಸಿದರು. ನಿನ್ನ ಪ್ರಾರ್ಥನೆ ಕೇಳಿದೆ, ಕಣ್ಣೀರು ನೋಡಿದೆ ಅಂತ ಹೇಳಿಸಿದರು. 15 ವರ್ಷ ಆಯುಸ್ಸು ಕೂಡಿಸಿದರು. ಹಲ್ಲೆಲೂಯ!

ಈಗ ಯೋಚನೆ ಮಾಡಿ. ಯೆಶಾಯ ಹೋಗಿ, "ಅರಸನೇ, ಸಣ್ಣ ಹುಣ್ಣು, ವಾಸಿಯಾಗುತ್ತೆ" ಅಂದಿದ್ರೆ? ಹಿಜ್ಕೀಯ ಗೋಡೆ ಕಡೆ ತಿರುಗ್ತಾ ಇದ್ದನಾ? ಅಳ್ತಾ ಇದ್ದನಾ? ತನಗೆ ಏನಾಗಿದೆ ಅಂತಾನೇ ಗೊತ್ತಿಲ್ಲದವನು ಏನಂತ ಪ್ರಾರ್ಥಿಸ್ತಾನೆ? ನಮ್ಮ ಮನೆಗಳಲ್ಲಿ "ಅಪ್ಪನಿಗೆ ಹೇಳಬೇಡಿ ಡಾಕ್ಟ್ರೇ, ಗ್ಯಾಸ್ಟ್ರಿಕ್ ಅಂತ ಹೇಳಿ" ಅಂತೀವಿ. ಪ್ರೀತಿಯಿಂದಾನೇ ಹೇಳ್ತೀವಿ. ಆದ್ರೆ ಆ ಅಪ್ಪ ದೇವರ ಹತ್ತಿರ ಹೋಗೋ ದಾರಿಗೆ ನಾವೇ ಅಡ್ಡ ನಿಂತ ಹಾಗಾಗುತ್ತೆ.

ಇನ್ನೊಂದು ನೋಡಿ. ಗುಣಪಡಿಸ್ತೀನಿ ಅಂದ ಮೇಲೂ ಅಲ್ಲಿ ಅಂಜೂರದ ಹಣ್ಣಿನ ಉಂಡೆ ತರಿಸಿ ಹುಣ್ಣಿನ ಮೇಲೆ ಇಟ್ಟರು. ದೇವರ ಮಾತು, ಔಷಧಿ, ಎರಡೂ ಒಂದೇ ಕೋಣೇಲಿ. ಕೀಮೋಗೆ ಹೋಗೋದು ಅವಿಶ್ವಾಸ ಅಲ್ಲ, ಪ್ರಿಯರೇ. ದೇವರು ಇವತ್ತಿಗೂ ಸ್ವಸ್ಥಪಡಿಸ್ತಾರೆ, ಅದನ್ನ ನಾವು ನಂಬ್ತೀವಿ, ಸಾರ್ತೀವಿ. ಆದ್ರೆ ಆ 15 ವರ್ಷ ಕೊಟ್ಟಿದ್ದು ದೇವರು. ಅವರು ಕೊಡದೇ ಇರೋ ತಾರೀಕನ್ನ ನಾನು ನೀವು ಹಂಚೋ ಹಾಗಿಲ್ಲ.

ಎರಡನೇ ಮಾತು: ಸತ್ಯ ಹೇಳಿದವರು ಅಲ್ಲೇ ಇರಬೇಕು.

ಲಾಜರ ಸತ್ತಾಗ ಯೇಸು ಸ್ವಾಮಿ ಮೊದಲು ಅವನು ನಿದ್ದೆ ಮಾಡ್ತಿದ್ದಾನೆ ಅಂದರು. ಶಿಷ್ಯರು ತಪ್ಪು ತಿಳಿದುಕೊಂಡರು. ನಿದ್ದೆ ಬಂದಿದ್ರೆ ಒಳ್ಳೇದೇ ಆಯ್ತಲ್ಲ ಅಂತ! ಆಮೇಲೆ 14ನೇ ವಚನದಲ್ಲಿ ಸ್ವಾಮಿ ಬಿಚ್ಚಿ ಹೇಳ್ತಾರೆ, ಲಾಜರ ಸತ್ತಿದ್ದಾನೆ ಅಂತ. ಹೇಳಿ ಸುಮ್ಮನೆ ಹೋಗಲಿಲ್ಲ. ಬೇಥಾನ್ಯಕ್ಕೆ ನಡೆದರು. ಮಾರ್ಥಳ ದೂರು ಕೇಳಿದರು, ಮರಿಯಳ ಅಳು ನೋಡಿದರು. ಇನ್ನು ಸ್ವಲ್ಪ ಹೊತ್ತಿಗೆ ಸಮಾಧಿಯಿಂದ ಎಬ್ಬಿಸ್ತೀನಿ ಅಂತ ಗೊತ್ತಿದ್ದೂ ಅತ್ತರು!

ಕ್ಯಾನ್ಸರ್ ವೈದ್ಯರು 2000ನೇ ಇಸವಿಯಲ್ಲಿ ಆರು ಹೆಜ್ಜೆಯ ಒಂದು ಕ್ರಮ ಬರೆದು ಪ್ರಕಟಿಸಿದರು. ಸ್ಪೈಕ್ಸ್ ಅಂತ ಹೆಸರು. ನಮ್ಮ ತಂಗಿ ವಿವರಿಸಿದಳು. ಏಕಾಂತದ ಜಾಗ ನೋಡಿ ಕೂತ್ಕೋಬೇಕು. ರೋಗಿಗೆ ಈಗಾಗಲೇ ಏನು ಗೊತ್ತಿದೆ ಅಂತ ಕೇಳಬೇಕು. ಎಷ್ಟು ತಿಳ್ಕೊಳ್ಳೋಕೆ ಇಷ್ಟ ಅಂತ ಕೇಳಬೇಕು. ಆಮೇಲೆ ಸರಳವಾದ ಮಾತಲ್ಲಿ ಹೇಳಬೇಕು. ಅವರ ದುಃಖಕ್ಕೆ ಸಮಯ ಕೊಡಬೇಕು. ಕೊನೆಗೆ, ಮುಂದೇನು ಅಂತ ಜೊತೆಯಲ್ಲೇ ಯೋಚಿಸಬೇಕು. ಬೇಥಾನ್ಯದ ದಾರಿ ಗೊತ್ತಿರೋರಿಗೆ ಇದು ತೀರಾ ಹೊಸದಲ್ಲ, ಅಲ್ವಾ?

ಆಮೇಲೆ ಒಂದು ದಿನ ಪ್ರೊಫೆಸರ್ ಅವಳನ್ನ ನಿಜವಾದ ರೋಗಿಯ ಹತ್ತಿರ ಕರ್ಕೊಂಡು ಹೋದರು. ಗಾರೆ ಕೆಲಸ ಮಾಡೋ ಒಬ್ಬರು, ಜೊತೆಗೆ ಅವರ ಹೆಂಡತಿ. ಪ್ರೊಫೆಸರ್ ಕುರ್ಚಿ ಎಳೆದು ಕೂತು, ನಿಧಾನವಾಗಿ ಹೇಳಿದರು. ಆಮೇಲೆ ಸುಮ್ಮನಾದರು. ತುಂಬಾ ಹೊತ್ತಿನ ಮೇಲೆ ಆ ಮನುಷ್ಯ ಕೇಳಿದ್ದು ಇಷ್ಟೇ: "ಮಗನ ಪರೀಕ್ಷೆ ಮುಗಿಯೋವರೆಗೂ ಕೆಲಸಕ್ಕೆ ಹೋಗಬಹುದಾ ಸಾರ್?" ನೋಡಿ, ನಾನು ಆ ಸಹೋದರರ ಬಾಯಿ ಮುಚ್ಚಿಸಿದ್ದು ಇಂಥದೇ ಮಾತಿಗೆ.

ಮೂರನೇ ಮಾತು: ನಿಮ್ಮ ಆಶೀರ್ವಾದಕ್ಕೆ ನಾಚಿಕೊಳ್ಳಬೇಡಿ.

ಅವಳು ವಾರ್ಡಿನಿಂದ ಹೊರಗೆ ಬಂದಾಗ ಮೊಬೈಲಲ್ಲಿ ಅಕ್ಕನ ಮಗುವಿನ ಫೋಟೋ, ಹುಷಾರಾಗಿದ್ದೀಯಾ ಅಂತ ಅಮ್ಮನ ವಾಯ್ಸ್ ಮೆಸೇಜ್. ಹಾಸ್ಟೆಲಲ್ಲಿ ಬಿಸಿಬೇಳೆ ಬಾತ್. "ತಟ್ಟೆ ಮುಂದೆ ಕೂತು ಅತ್ತುಬಿಟ್ಟೆ ಪಾಸ್ಟರ್. ಅವರು ಹಾಗಿರುವಾಗ ನನಗೆ ಮಾತ್ರ ಇಷ್ಟೆಲ್ಲ ಯಾಕೆ?" ಅಂದಳು.

ಎಲೀಯನನ್ನ ನೆನಪು ಮಾಡ್ಕೊಳ್ಳಿ. ಸಾಕಾಗಿ ಮಲಗಿದ್ದವನನ್ನ ದೇವದೂತ ಎಬ್ಬಿಸಿ, ಬಿಸಿ ರೊಟ್ಟಿ, ನೀರು ಕೊಟ್ಟ. ಎರಡು ಸಲ ತಿನ್ನಿಸಿದ. ಯಾಕೆ? ಮುಂದಿನ ಪ್ರಯಾಣ ಅವನ ಶಕ್ತಿಗೆ ಮೀರಿದ್ದು. ಆ ಊಟದ ಬಲದಿಂದ ಅವನು 40 ದಿನ ನಡೆದ. ತಂಗೀ, ಆ ಬಿಸಿಬೇಳೆ ಬಾತು ನಿನ್ನ ರೊಟ್ಟಿ. ಸ್ತೋತ್ರ ಹೇಳಿ ತಿನ್ನು. ನಾಳೆ ಇನ್ನೊಬ್ಬರ ಮಂಚದ ಪಕ್ಕ ಕೂತ್ಕೋಬೇಕಲ್ಲ.

ಪೌಲ ನಗುವವರ ಜೊತೆ ನಗೋದನ್ನೂ ಅಳುವವರ ಜೊತೆ ಅಳೋದನ್ನೂ ಒಂದೇ ವಚನದಲ್ಲಿ ಇಟ್ಟ. ಒಂದೇ ದಿನದಲ್ಲಿ ಎರಡೂ ಬರುತ್ತೆ ಅಂತ ಅವನಿಗೆ ಗೊತ್ತಿತ್ತು. ಅಕ್ಕನ ಮಗುವಿಗೆ ಹಾರ್ಟ್ ಇಮೋಜಿನೂ ಕಳಿಸು, ಆ ಗಾರೆ ಕೆಲಸದವರಿಗೋಸ್ಕರ ಮೊಣಕಾಲೂ ಊರು.

ನಿಮ್ಮಲ್ಲಿ ಹೆಚ್ಚಿನವರು ಡಾಕ್ಟರ್ ಅಲ್ಲ. ಆದ್ರೆ ಈ ವಾರ ಯಾರೋ ಒಬ್ಬ ಫ್ರೆಂಡ್ ಸ್ಕ್ಯಾನ್ ರಿಪೋರ್ಟ್ ಕಳಿಸಬಹುದು. ತಕ್ಷಣ ಒಂದು ವಚನ ಫಾರ್ವರ್ಡ್ ಮಾಡಿ ಮುಗಿಸಬೇಡಿ. ಮನೆಗೆ ಹೋಗಿ. ಕುರ್ಚಿ ಎಳೆದು ಕೂತ್ಕೊಳ್ಳಿ. ಕೇಳಿ. ಆಮೇಲೆ ಕೈ ಹಿಡಿದು ಪ್ರಾರ್ಥಿಸಿ. ಎಷ್ಟು ಜನ ಆಮೆನ್ ಹೇಳ್ತೀರ?

ಪ್ರಾರ್ಥಿಸೋಣ. ಕರ್ತನೇ, ಹೆದರಿಕೆಯಿಂದ ನಾವು ಹೇಳಿದ ಸುಳ್ಳುಗಳನ್ನು ಕ್ಷಮಿಸು. ನಿನ್ನ ಹೆಸರಲ್ಲಿ ನೀನು ಕೊಡದ ಮಾತು ಕೊಟ್ಟಿದ್ದೇವೆ, ಕ್ಷಮಿಸು. ಈ ಹೊತ್ತಿನಲ್ಲಿ ರಿಪೋರ್ಟಿಗಾಗಿ ಕಾಯುತ್ತಿರುವ ನಿನ್ನ ಮಕ್ಕಳನ್ನು ಮುಟ್ಟು, ಸ್ವಸ್ಥಪಡಿಸು. ಆಸ್ಪತ್ರೆಗಳಲ್ಲಿ ದುಡಿಯುವ, ಓದುವ ನಮ್ಮ ತಮ್ಮ ತಂಗಿಯರ ನಾಲಿಗೆಗೆ ಸತ್ಯವನ್ನೂ ಕಣ್ಣಿಗೆ ಕರುಣೆಯನ್ನೂ ಪವಿತ್ರಾತ್ಮನ ಮೂಲಕ ಕೊಡು. ಯೇಸು ಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.