ರೋಗಿಯೂ ಒಬ್ಬ ಗುರು

ಮಾದನಾಯಕನಹಳ್ಳಿಯ ನಮ್ಮ ಮದ್ರಸಕ್ಕೆ ಬರುವ ಮಕ್ಕಳ ತಂದೆಯಂದಿರಲ್ಲಿ ಹೆಚ್ಚಿನವರು ಪೀಣ್ಯದ ಕಡೆ ಕಾರ್ಖಾನೆಗಳಲ್ಲಿ ದುಡಿಯುವವರು. ಅವರಲ್ಲೊಬ್ಬರ ಮಗನಿಗೆ ಹಿಮೋಫಿಲಿಯಾ ಇದೆ. ಖತ್ನಾ ಮಾಡಿಸಿದ ದಿನ ರಕ್ತ ನಿಲ್ಲದೆ ಹರಿದಾಗಲೇ ಮನೆಯವರಿಗೆ ಅದು ತಿಳಿದದ್ದು. ಒಮ್ಮೆ ಮೊಣಕಾಲು ಊದಿಕೊಂಡು ಅವನನ್ನು ಆಸ್ಪತ್ರೆಯೊಂದಕ್ಕೆ ಸೇರಿಸಿದಾಗ ನಾನೂ ಜೊತೆಗಿದ್ದೆ. ಹತ್ತು ಹನ್ನೆರಡು ವೈದ್ಯಕೀಯ ವಿದ್ಯಾರ್ಥಿಗಳು ಮಂಚದ ಸುತ್ತ ನಿಂತರು. ಒಬ್ಬರು ಹೊದಿಕೆ ಸರಿಸಿದರು, ಇನ್ನೊಬ್ಬರು ಕಾಲು ಮಡಚಿ ನೋಡಿದರು. ಹುಡುಗ ಹಲ್ಲು ಕಚ್ಚಿಕೊಂಡ. "ಒಳ್ಳೆಯ ಕೇಸು" ಎಂದು ಯಾರೋ ಅಂದರು. ಅವರೆಲ್ಲ ಹೋದ ಮೇಲೆ ಅವನು ಕೇಳಿದ: "ಹಜ್ರತ್, ಅವರಿಗೆ ನನ್ನ ಹೆಸರು ಗೊತ್ತಾ?"

ನನ್ನಲ್ಲಿ ಉತ್ತರವಿರಲಿಲ್ಲ.

ರೋಗಿಯನ್ನು ತೋರಿಸಿ ಪಾಠ ಮಾಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ರೋಗಿಯನ್ನು ಕಾಣದೆ ಯಾರೂ ವೈದ್ಯರಾಗಲಾರರು. ಅಪರೂಪದ ರೋಗಗಳ ವಿಷಯದಲ್ಲಂತೂ ಈ ಅಗತ್ಯ ಇನ್ನೂ ಹೆಚ್ಚು. ಹಿಮೋಫಿಲಿಯಾ 'ಎ' ಹುಟ್ಟುವ ಸುಮಾರು 5,000 ಗಂಡು ಮಕ್ಕಳಲ್ಲಿ ಒಬ್ಬರಿಗೆ ಬರುವಂಥದ್ದು. ಅದನ್ನು ಅರಿಯದ ವೈದ್ಯರು ಸ್ನಾಯುವಿಗೆ ಒಂದು ಸಾಧಾರಣ ಚುಚ್ಚುಮದ್ದು ಕೊಟ್ಟರೂ ಒಳಗೇ ರಕ್ತಸ್ರಾವವಾಗಬಹುದು. ಕೀಲಿನೊಳಗೆ ರಕ್ತ ಸೋರತೊಡಗಿದರೆ, ಊತ ಕಾಣುವ ಮೊದಲೇ ಅಲ್ಲಿ ಜುಮ್ಮೆನ್ನುತ್ತದೆ. ರಕ್ತ ಹೆಪ್ಪುಗಟ್ಟಿಸುವ ಔಷಧವನ್ನು ಆಗಲೇ ಕೊಟ್ಟರೆ ಕೀಲು ಉಳಿಯುತ್ತದೆ. ಆ ಜುಮ್ಮೆನ್ನುವಿಕೆ ಯಾವ ಎಕ್ಸ್-ರೇಯಲ್ಲೂ ಕಾಣದು. ಅದನ್ನು ಬಲ್ಲವನು ರೋಗಿಯೊಬ್ಬನೇ.

ಇದು ಹೊಸ ಮಾತೇನಲ್ಲ. ಕ್ರಿ.ಶ. 1000ದ ಸುಮಾರಿಗೆ ಸ್ಪೇನಿನ ಕುರ್ತುಬಾದ ಮಹಾವೈದ್ಯ ಅಬುಲ್ ಕಾಸಿಮ್ ಅಝ್ಝಹ್ರಾವಿಯವರು ತಮ್ಮ 'ಅತ್ತಸ್ರೀಫ್' ಗ್ರಂಥದಲ್ಲಿ ಒಂದು ಹಳ್ಳಿಯ ಬಗ್ಗೆ ಬರೆದಿದ್ದಾರೆ. ಅಲ್ಲಿನ ಗಂಡಸರು ಗಾಯವಾದರೆ ರಕ್ತ ನಿಲ್ಲದೆ ಸಾಯುತ್ತಿದ್ದರು. ಈ ರೋಗದ ಅತಿ ಹಳೆಯ ವೈದ್ಯಕೀಯ ವಿವರಣೆಗಳಲ್ಲಿ ಇದೂ ಒಂದು. ಅವರಿಗೆ ಇದನ್ನು ಕಲಿಸಿದವರು ಯಾರು? ಆ ಹಳ್ಳಿಯ ಜನರೇ. ಅವರು ಹೇಳಿದರು, ಮಹಾವೈದ್ಯರು ಕೇಳಿಸಿಕೊಂಡರು.

ಹಾಗಾದರೆ ವಿಚಾರ ಸ್ಪಷ್ಟವಾಯಿತು. ನಾವು ಯಾರಿಂದ ಕಲಿಯುತ್ತೇವೆಯೋ ಅವರು ನಮ್ಮ ಉಸ್ತಾದರು. ಉಸ್ತಾದರ ಮೇಲೆ ಒಂದು ಹಕ್ಕು ನಮಗಿದ್ದರೆ, ನಮ್ಮ ಮೇಲೆ ಅವರಿಗೆ ಹತ್ತು ಹಕ್ಕುಗಳಿವೆ. ಮದ್ರಸದಲ್ಲಿ ನಾವು ಪಾಠಕ್ಕಿಂತ ಮೊದಲು ಅದಬ್ ಕಲಿಸುತ್ತೇವೆ: ಸಲಾಮ್ ಹೇಳು, ಅನುಮತಿ ಕೇಳು, ಗುರುವಿನ ಮಾತು ಮುಗಿಯುವವರೆಗೆ ಕಾಯು. ಮಂಚದ ಮೇಲಿರುವ ಗುರುವಿಗೂ ಇದೇ ಸಲ್ಲಬೇಡವೇ?

"ಚಿಕಿತ್ಸೆ ಉಚಿತವಾಗಿ ಸಿಗುತ್ತಿರುವಾಗ ಇಷ್ಟೂ ಸಹಿಸಬಾರದೇ?" ಎಂದು ಕೆಲವರು ಕೇಳುತ್ತಾರೆ. ಕೊಟ್ಟದ್ದನ್ನು ಎತ್ತಿ ಆಡಿ ನೋಯಿಸಿದರೆ ದಾನವೇ ವ್ಯರ್ಥವಾಗುತ್ತದೆಂದು ಕುರ್‌ಆನ್ ಎಚ್ಚರಿಸಿದೆ. ಬಡವನ ಲಜ್ಜೆ ಅವನ ಔಷಧದ ಬೆಲೆಯಲ್ಲ. ಬೇಡವೆನ್ನಲು ಸ್ವಾತಂತ್ರ್ಯವಿಲ್ಲದವನ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ಆದರೆ ನಮ್ಮ ಕಡೆಯಿಂದಲೂ ಒಂದು ತಪ್ಪು ನಡೆಯುತ್ತಿದೆ. ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಇಂತಹ ರೋಗವನ್ನು ನಾವು ಮುಚ್ಚಿಡುತ್ತೇವೆ. ಹಿಮೋಫಿಲಿಯಾ ಹೆಚ್ಚಾಗಿ ತಾಯಿಯ ಮೂಲಕ ಬರುವುದರಿಂದ ದೂಷಣೆಯೂ ಅವಳ ಪಾಲಿಗೆ. ಇದು ಅವಳ ಪಾಪದ ಫಲವಲ್ಲ. ಎಷ್ಟೋ ಸಲ ಮನೆತನದಲ್ಲಿ ಹಿಂದೆ ಯಾರಿಗೂ ಇಲ್ಲದೆ ಹೊಸದಾಗಿಯೂ ಇದು ಕಾಣಿಸಿಕೊಳ್ಳುತ್ತದೆ. ಪ್ರಯೋಜನಕಾರಿ ಜ್ಞಾನದ ಪುಣ್ಯವು ಮರಣದ ನಂತರವೂ ನಿಲ್ಲುವುದಿಲ್ಲವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ತನ್ನ ನೋವನ್ನು ಮನಃಪೂರ್ವಕವಾಗಿ ವಿವರಿಸಿದ ರೋಗಿಯಿಂದ ನಾಳೆ ಅಪರಿಚಿತ ಮಗುವೊಂದು ಉಳಿದರೆ, ಅದು ಅಂತಹ ಜ್ಞಾನವಲ್ಲವೇ?

ದಾವಣಗೆರೆಯಲ್ಲಿ ಇದಕ್ಕೊಂದು ಜೀವಂತ ನಿದರ್ಶನವಿದೆ. ಅಲ್ಲಿನ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನಲ್ಲಿ ಪೆಥಾಲಜಿ ಕಲಿಸಿದ ಡಾ. ಸುರೇಶ್ ಹನಗವಾಡಿಯವರು ಸ್ವತಃ ಹಿಮೋಫಿಲಿಯಾ ಇರುವವರು. ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿ ಬೆಳೆಸಿದವರೂ ಅವರೇ. ರೋಗಿ ಮತ್ತು ಗುರು ಅಲ್ಲಿ ಬೇರೆಬೇರೆಯಲ್ಲ. 2019ರಲ್ಲಿ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲೂ, ರೋಗಿಯಾಗಿರುವುದೆಂದರೆ ಏನು ಎಂಬ ಪಾಠವನ್ನು ಮೊದಲ ವರ್ಷದಲ್ಲೇ ಇಟ್ಟಿದ್ದಾರೆ. ಪಾಠ ಪುಸ್ತಕದಿಂದ ಮಂಚದ ಬಳಿಗೆ ಇಳಿಯಬೇಕಷ್ಟೆ.

ಕೆಲವು ತಿಂಗಳ ನಂತರ ಅದೇ ಹುಡುಗನನ್ನು ಪುನಃ ತೋರಿಸಲು ಹೋಗಿದ್ದೆವು. ವಿದ್ಯಾರ್ಥಿನಿಯೊಬ್ಬಳು ಒಬ್ಬಳೇ ಬಂದು ಹೆಸರು ಕೇಳಿದಳು. "ಕಾಲು ಮುಟ್ಟಿ ನೋಡಲೇ?" ಎಂದಳು. ನೋವು ಹೇಗೆ ಶುರುವಾಗುತ್ತದೆಂದು ಕೇಳಿ, ಅವನು ಹೇಳಿದ್ದನ್ನು ಬರೆದುಕೊಂಡಳು. ಹುಡುಗ ಹದಿನೈದು ನಿಮಿಷ ಬಿಡದೆ ವಿವರಿಸಿದ. ತುಮಕೂರು ರಸ್ತೆಯ ಬಸ್ಸಿನಲ್ಲಿ ಹಿಂತಿರುಗುವಾಗ ಅವನು ಹೇಳಿದ: "ಹಜ್ರತ್, ಆ ಅಕ್ಕನಿಗೆ ಇದೇನೂ ಗೊತ್ತಿರಲಿಲ್ಲ. ನಾನೇ ಹೇಳಿಕೊಟ್ಟೆ."

ಓದುಗ ಬಂಧುಗಳೇ, ಇಂದು ನಮ್ಮ ಮನೆಗಳಿಂದಲೂ ಮಕ್ಕಳು ವೈದ್ಯಕೀಯ ಕಾಲೇಜುಗಳಿಗೆ ಹೋಗುತ್ತಿದ್ದಾರೆ. ಬಿಳಿ ಕೋಟು ತೊಡಿಸಿ ಕಳಿಸುವಾಗ ಅವರಿಗೆ ಇದೊಂದನ್ನು ಹೇಳಿ ಕಳಿಸೋಣ: ರೋಗದ ಹೆಸರನ್ನು ಕೇಳುವ ಮೊದಲು ರೋಗಿಯ ಹೆಸರನ್ನು ಕೇಳು.